ಉಡಿಯಕ್ಕಿ ಮತ್ತು ಪಲ್ಟಿಯಾದ ಗಾಡಿ

ಈಗಲೂ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದರೆ ನನಗೆ ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತೇನೆ. ನನ್ನ ಮೂರನೇ ತರಗತಿಯ ಹುಡುಗಿಯರು "ಟೀಚರ್, ಚಪ್ಲಿ!" ಎಂದು ಒಟ್ಟಿಗೇ ಕೂಗುತ್ತಾರೆ. ನಾನು ಬೇಕಂತಲೇ ಬಿಟ್ಟು ಬಂದವಳ ಗತ್ತಿನಲ್ಲಿ ತಿರುಗಿ ಹೋಗಿ ಹಾಕಿಕೊಳ್ಳುತ್ತೇನೆ. ಪಾದದ ಹೊರ ಅಂಚಿನಲ್ಲಿ ಎರಡು ಬೆರಳಗಲದ ಜಾಗಕ್ಕೆ ಇನ್ನೂ ಸ್ಪರ್ಶ ಮರಳಿಲ್ಲ, ಇನ್ನು ಮರಳಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಉಳಿದದ್ದೆಲ್ಲ ಬಂದಿದೆಯಲ್ಲ, ಹಾಗಾಗಿ ಆ ಎರಡು ಬೆರಳಗಲದ ಬಗ್ಗೆ ನಾನು ತಕರಾರು ತೆಗೆಯುವುದಿಲ್ಲ.

ನನ್ನ ಹೆಸರು ಸುನಂದಾ. ಮನೆ ಸವಣೂರಿನಲ್ಲಿ, ನೌಕರಿ ಪಕ್ಕದ ಹಳ್ಳಿಯ ಶಾಲೆಯಲ್ಲಿ. ನಮ್ಮವರು, ಅಂದರೆ ನನ್ನ ಗಂಡ, ಬೀಜ-ಗೊಬ್ಬರದ ಅಂಗಡಿ ನಡೆಸುತ್ತಾರೆ. ತವರು ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ. ಎರಡು ವರ್ಷದ ಹಿಂದೆ ಪಂಚಮಿ ಹಬ್ಬಕ್ಕೆ ತವರಿಗೆ ಹೋಗಿ ವಾಪಸು ಬರುವಾಗ ನಮ್ಮ ಗಾಡಿ ಪಲ್ಟಿಯಾಗಿ ನನ್ನ ಬೆನ್ನುಮೂಳೆಯ ಒಂದು ಮಣಿ ಒಡೆಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಂಥದ್ದನ್ನು ದಾಟಿ ಬಂದ ಹೆಣ್ಣುಮಗಳೊಬ್ಬಳು ಬಂದು ಎದುರು ಕುಳಿತು "ಹೌದವ್ವಾ, ನನಗೂ ಹಂಗ ಆಗಿತ್ತು" ಅಂದರೆ ಸಾಕು ಅನ್ನಿಸುತ್ತಿತ್ತು. ಅಂಥವರು ಯಾರೂ ಸಿಗಲಿಲ್ಲ. ಈಗ ನಾನೇ ಆ ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದೇನೆ ಅಂತ ತಿಳಿಯಿರಿ. ಬರೆಯಲು ಇನ್ನೊಂದು ಕಾರಣ ನನ್ನ ಅಣ್ಣನ ಹೆಂಡತಿ, ಗಿರಿಜಾ ವೈನಿ. ತಪ್ಪು ನನ್ನದಿತ್ತು. ಏಳು ತಿಂಗಳು ಅದನ್ನು ಹೊತ್ತವರು ಅವರು.

ಗಾಡಿ ಹೊಸದು, ಮೂರು ತಿಂಗಳೂ ತುಂಬಿರಲಿಲ್ಲ. ಸಣ್ಣ ಕಾರು ಸಾಕು ಅಂತ ನಾನು ಅಂದಿದ್ದೆ. "ಎತ್ತರ ಗಾಡಿ ಅಂದ್ರ ಸೇಫ್ಟಿ ಸುನಂದಾ. ಮ್ಯಾಲೆ ಕುಂತ್ರ ರಸ್ತೆ ಪೂರಾ ಕಾಣತೈತಿ. ಎದುರು ಬರಾವ್ರೂ ಅಂಜ್ತಾರ" ಅಂದರು ನಮ್ಮವರು. ಅದನ್ನು ಹತ್ತುವಾಗ ನನ್ನ ಒಂದು ಕೈ ಬಾಗಿಲಿನ ಮೇಲೆ, ಇನ್ನೊಂದು ಕೈ ದೇವರ ಮೇಲೆ. ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಇವರು ತೆಗೆಯಲು ಬಿಟ್ಟಿರಲಿಲ್ಲ. ಕುಳಿತರೆ ಚರಚರ ಸದ್ದು, ಎದ್ದರೆ ಸೀರೆ ಅಂಟಿಕೊಂಡಿರುತ್ತಿತ್ತು. ಗಾಡಿಯ ಜೊತೆಗೆ ಕೊಟ್ಟ ಪುಸ್ತಕದ ಪ್ಲಾಸ್ಟಿಕ್ಕೂ ಹಾಗೇ ಇತ್ತು. ಮೇಲಿನ ಕ್ಯಾರಿಯರಿನಲ್ಲಿ ಎಷ್ಟು ಭಾರ ಇಡಬಹುದು ಅಂತ ಅದರಲ್ಲಿ ಬರೆದಿತ್ತು. ನಾವು ಅದನ್ನು ಓದಿದ್ದು ಆಸ್ಪತ್ರೆಯಿಂದ ಬಂದ ಮೇಲೆ.

ಹಬ್ಬ ಮುಗಿಸಿ ಹೊರಡುವ ದಿನ ಅಣ್ಣ ಮೂರು ಚೀಲ ಅಕ್ಕಿ, ಒಂದು ಚೀಲ ತೆಂಗಿನಕಾಯಿ ತಂದು ಅಂಗಳದಲ್ಲಿಟ್ಟ. ಹಿಂದಿನ ಸೀಟು ಮಡಚಿದ್ದರೆ ಎಲ್ಲವೂ ಒಳಗೇ ಹಿಡಿಸುತ್ತಿತ್ತು. ಪ್ಲಾಸ್ಟಿಕ್ ಹರಿಯುತ್ತದೆ, ಸೀಟಿಗೆ ಧೂಳಾಗುತ್ತದೆ ಅಂತ ನಮ್ಮವರು ಒಪ್ಪಲಿಲ್ಲ. ನಾಲ್ಕೂ ಚೀಲ ಕ್ಯಾರಿಯರಿನ ಮೇಲೆ ಹೋದವು. ಅಣ್ಣ ಚಿಕ್ಕಂದಿನಿಂದ ಮೇವಿನ ಬಂಡಿ ಹೇರಿದವನು. ಹಗ್ಗ ಬಿಗಿದು ಕೆಳಗಿಳಿದು, ಹಿಂದೆ ಸರಿದು ನಿಂತು ನೋಡಿದ. "ಬಸವರಾಜರ, ಎತ್ತರ ಆತು ನೋಡ್ರಿ" ಅಂದ. "ಏನಾಗೂದಿಲ್ಲ ತಗೋರಿ, ಇದೇನ ಬಂಡಿ ಏನ್ರಿ?" ಎಂದು ಇವರು ನಕ್ಕರು.

ನಮ್ಮಲ್ಲಿ ಹೆಣ್ಣುಮಗಳನ್ನು ಉಡಿ ತುಂಬದೆ ತವರಿನಿಂದ ಕಳಿಸುವುದಿಲ್ಲ. ಸೆರಗನ್ನು ಮಡಿಲಾಗಿ ಹಿಡಿದರೆ ಅದರಲ್ಲಿ ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ-ಅಡಿಕೆ, ಕುಬಸದ ಬಟ್ಟೆ ಹಾಕುತ್ತಾರೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಮನೆ ಮುಟ್ಟುವವರೆಗೂ ಬಿಚ್ಚದೆ ಒಯ್ಯಬೇಕೆಂದು ನಮ್ಮವ್ವ ಹೇಳುತ್ತಿದ್ದಳು. ಅವ್ವ ಹೋದ ಮೇಲೆ ಉಡಿ ತುಂಬುವವರು ವೈನಿ. ಅವತ್ತೂ ತುಂಬಿದರು. ಗಾಡಿಯಲ್ಲಿ ಕುಳಿತು ಬೆಲ್ಟ್ ಎಳೆದುಕೊಂಡೆ. ಉಡಿಯ ಮೇಲೆ ಅದು ಬರಲೊಲ್ಲದು. ಜಗ್ಗಿದರೆ ತೆಂಗಿನಕಾಯಿ ಹೊಟ್ಟೆಗೆ ಒತ್ತುತ್ತಿತ್ತು.

ಬಾಗಿಲ ಬಳಿ ನಿಂತಿದ್ದ ವೈನಿ ಒಳಗೆ ಬಗ್ಗಿ ಮೆಲ್ಲಗೆ ಹೇಳಿದರು: "ಸುನಂದಾ, ಉಡಿ ಬಿಚ್ಚಿ ಚೀಲದಾಗ ಇಟಗೊಂಡು ಬೆಲ್ಟ್ ಹಾಕ್ಕೊ. ದಾರಿ ದೂರ ಐತಿ. ಮನಿ ಮುಟ್ಟಿದ ಮ್ಯಾಲೆ ಮತ್ತ ಉಡಿಗೆ ಹಾಕ್ಕೊಂಡು ಒಳಗ ಹೋದ್ರಾತು."

ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ. "ನಮ್ಮವ್ವ ತುಂಬಿದ ಉಡಿ ಒಂದ ದಿನರ ಚೀಲಕ್ಕ ಹಾಕೇನೇನ್ರಿ? ಅವ್ವ ಇದ್ದಿದ್ರ ಹಿಂಗ ಅಂತಿದ್ದಿಲ್ಲ ಬಿಡ್ರಿ" ಅಂದುಬಿಟ್ಟೆ.

ವೈನಿಯ ಮುಖ ಸಣ್ಣದಾಯಿತು. ಬಾಗಿಲು ಹಾಕಿದರು. ನಮ್ಮವರು ಆಗ ಆಚೆ ಬದಿಯಲ್ಲಿ ಅಣ್ಣನೊಂದಿಗೆ ಹಗ್ಗ ನೋಡುತ್ತಿದ್ದರು. ಈ ಮಾತು ನಮ್ಮಿಬ್ಬರ ನಡುವೆಯೇ ಉಳಿಯಿತು. ಗಾಡಿ ಹೊರಟ ಮೇಲೆ ಬೆಲ್ಟ್ ಹಾಕಿಲ್ಲವೆಂದು ಟೊಂಯ್ ಟೊಂಯ್ ಅನ್ನತೊಡಗಿತು. ಬೆಲ್ಟನ್ನು ಬೆನ್ನಿನ ಹಿಂದಿನಿಂದ ಹಾಯಿಸಿ ಸಿಕ್ಕಿಸಿದೆ. ಗಾಡಿ ನಂಬಿ ಸುಮ್ಮನಾಯಿತು.

ತಿಳವಳ್ಳಿ ದಾಟಿ ಹಾನಗಲ್ಲಿನ ಕಡೆ ಬರುತ್ತಿದ್ದೆವು. ಮಧ್ಯಾಹ್ನ ಮೂರರ ಹೊತ್ತು. ರಸ್ತೆ ಒಣಗಿತ್ತು, ಆದರೆ ಹಿಂದಿನ ದಿನದ ಮಳೆಗೆ ಡಾಂಬರಿನ ಪಕ್ಕದ ಮಣ್ಣು ಮೆತ್ತಗಾಗಿ ಕುಸಿದಿತ್ತು. ಹಾನಗಲ್ಲಿನಲ್ಲಿ ನಮ್ಮವರ ಅಕ್ಕ ಶಾಂತಕ್ಕನ ಮನೆಗೆ ಚಹಾಕ್ಕೆ ಹೋಗುವುದಿತ್ತು. ತಡವಾಗಿದ್ದರಿಂದ ಇವರು ಜೋರಾಗಿಯೇ ಬಿಟ್ಟಿದ್ದರು. ಎದುರಿಗೆ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಬಂತು. ಅದು ತನ್ನ ಬದಿಯಲ್ಲೇ ಇತ್ತು, ಅದರದ್ದೇನೂ ತಪ್ಪಿಲ್ಲ. ದಾರಿ ಬಿಡಲೆಂದು ಇವರು ಎಡಕ್ಕೆ ಸರಿದಾಗ ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಕೆಳಗಿಳಿದವು. ವೇಗ ಇಳಿಸಿ ನಿಧಾನಕ್ಕೆ ಮೇಲೆ ಹತ್ತಿಸಿದ್ದರೆ ಏನೂ ಆಗುತ್ತಿರಲಿಲ್ಲ ಅನ್ನುವುದು ಈಗ ಇಬ್ಬರಿಗೂ ಗೊತ್ತು. ಆಗ ಗಾಬರಿಯಲ್ಲಿ, ಟ್ರ್ಯಾಕ್ಟರ್ ದಾಟಿದ ಕೂಡಲೇ ಇವರು ಸ್ಟೇರಿಂಗನ್ನು ಬಲಕ್ಕೆ ಜಗ್ಗಿದರು. ಗಾಡಿ ಜಿಗಿದು ರಸ್ತೆಗೆ ಬಂದು ಆಚೆ ಬದಿಗೆ ನುಗ್ಗಿತು. ಮತ್ತೆ ಎಡಕ್ಕೆ ಜಗ್ಗಿದರು. ಅಡ್ಡಡ್ಡ ಜಾರಿದ ಗಾಡಿಯ ಬಲಗಾಲಿಗಳು ಅಂಚಿನ ಮೆತ್ತನೆಯ ಮಣ್ಣಿನಲ್ಲಿ ಹೂತವು. ತಲೆಯ ಮೇಲೆ ಅಷ್ಟು ಭಾರ ಹೊತ್ತದ್ದು ಇನ್ನು ಹೇಗೆ ನಿಂತೀತು?

ನನಗೆ ಚೆನ್ನಾಗಿ ನೆನಪಿರುವುದು ಅಕ್ಕಿ. ಉಡಿಯಿಂದ ಎದ್ದ ಅಕ್ಕಿ ಗಾಡಿಯೊಳಗೆಲ್ಲ ಹಾರಿ ಮುಖಕ್ಕೆ ರಪರಪ ಬಡಿಯುತ್ತಿತ್ತು. ಅದರ ಜೊತೆಗೆ ನಾನೂ ಹಾರುತ್ತಿದ್ದೆ. ತಲೆ ಮೇಲಿನ ತಗಡಿಗೆ ಬಡಿಯಿತು, ಭುಜ ಬಾಗಿಲಿಗೆ, ಬೆನ್ನು ಎಲ್ಲಿಗೆ ಬಡಿಯಿತೋ ತಿಳಿಯಲಿಲ್ಲ. ಎರಡು ಪಲ್ಟಿ ಹೊಡೆದು ಗಾಡಿ ಭತ್ತದ ಗದ್ದೆಯಲ್ಲಿ ಮಗ್ಗುಲಾಗಿ ಬಿತ್ತು. ನಮ್ಮವರು ಬೆಲ್ಟಿನಲ್ಲಿ ಸಿಕ್ಕಿಕೊಂಡು "ಸುನಂದಾ, ಸುನಂದಾ" ಅನ್ನುತ್ತಿದ್ದರು. ಅವರಿಗಾದದ್ದು ಎದೆಯ ಮೇಲೆ ಬೆಲ್ಟ್ ಎಳೆದ ಕೆಂಪು ಗೀರು ಮತ್ತು ಕೈಗೆ ನಾಲ್ಕು ಹೊಲಿಗೆ. ನಾನು ಹಿಂದಿನ ಸೀಟಿನ ಬಳಿ ಬಿದ್ದಿದ್ದೆ. ಓ ಅನ್ನಲು ಬಂತು, ಕಾಲು ಎಳೆದುಕೊಳ್ಳಲು ಬರಲಿಲ್ಲ.

ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಓಡಿ ಬಂದರು. ಒಬ್ಬಳು ನನ್ನ ಕಂಕುಳಿಗೆ ಕೈ ಹಾಕಿದಳು. ಅಷ್ಟರಲ್ಲಿ ಟ್ರ್ಯಾಕ್ಟರಿನವನು ಕೂಗಿದ: "ಎತ್ತಬ್ಯಾಡ್ರಿ! ಹಂಗ ಕೈಕಾಲ ಹಿಡದು ಎತ್ತಬ್ಯಾಡ್ರಿ! ನಮ್ಮಣ್ಣನ್ನ ಹಂಗ ಎತ್ತಿದ್ರು, ಅವತ್ತಿನಿಂದ ಹಾಸಿಗಿ ಹಿಡದಾನ." ಅವನ ಹೆಸರು ದಾದಾಪೀರ್ ಎಂದು ಆಮೇಲೆ ತಿಳಿಯಿತು. ಅವನು ಟ್ರೇಲರಿನ ಹಿಂದಿನ ಹಲಗೆಯನ್ನೇ ಬಿಚ್ಚಿ ತಂದ. ಗಾಡಿಯ ಹಿಂಬಾಗಿಲಿನಿಂದ ಅದನ್ನು ಒಳಗೆ ತಳ್ಳಿ, ಆರು ಜನ ಕೂಡಿ ನನ್ನನ್ನು ಅಲುಗಾಡಿಸದೆ ಅದರ ಮೇಲೆ ಸರಿಸಿದರು. ಒಬ್ಬ ಮುದುಕಿ ತಲೆಗೆ ಕಟ್ಟಿದ್ದ ಅರಿವೆ ಬಿಚ್ಚಿ ನನ್ನ ಕುತ್ತಿಗೆಯ ಎರಡೂ ಬದಿಗೆ ತುರುಕಿದಳು. "ಕಣ್ಣ ಮುಚ್ಚಬ್ಯಾಡ ನಮ್ಮವ್ವಾ, ನನ್ನ ಮಾರಿ ನೋಡು" ಅನ್ನುತ್ತ ಅಂಬುಲೆನ್ಸ್ ಬರುವ ತನಕ ಬಗ್ಗಿಯೇ ನಿಂತಿದ್ದಳು. ಆ ಮುಖ ನನಗೆ ಗೊತ್ತು, ಹೆಸರು ಇವತ್ತಿಗೂ ಗೊತ್ತಿಲ್ಲ.

ಹಾನಗಲ್ಲಿನಲ್ಲಿ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಸೂಜಿ ಹಿಡಿದು ನನ್ನ ಅಂಗಾಲಿನ ಬಳಿ ನಿಂತರು. ಬಲಗಾಲಿಗೆ ಚುಚ್ಚಿದ್ದು ಮಂಕಾಗಿ ತಿಳಿಯಿತು. ಎಡಗಾಲಿಗೆ ಬಂದಾಗ "ಗೊತ್ತಾಗತೈತೇನ್ರಿ?" ಅಂದರು. ಏನೂ ಗೊತ್ತಾಗುತ್ತಿರಲಿಲ್ಲ. ಭಯಕ್ಕೆ "ಹೌದ್ರಿ" ಅಂದೆ. "ನಾ ಇನ್ನೂ ಮುಟ್ಟೇ ಇಲ್ರಿ ಟೀಚರ" ಅಂದರು ಅವರು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು. ಅವತ್ತು ಸಿಕ್ಕಿಬಿದ್ದು ಅತ್ತೆ. ಡಾಕ್ಟರು ಬೈಯಲಿಲ್ಲ. ನರ ಹರಿದಿಲ್ಲ, ಮೂಳೆಯ ಚೂರು ಅದನ್ನು ಒತ್ತಿದೆ, ಆಪರೇಷನ್ ಮಾಡಿ ಕಾದು ನೋಡಬೇಕು ಅಂದರು. ಕಾದು ನೋಡಬೇಕು ಅನ್ನುವ ಮಾತು ಎಷ್ಟು ಉದ್ದ ಇರುತ್ತದೆ ಅನ್ನುವುದು ಮಲಗಿದವರಿಗೆ ಮಾತ್ರ ಗೊತ್ತು.

ಆಪರೇಷನ್ ಕೋಣೆಯ ಹೊರಗೆ ನಮ್ಮ ಮಂದಿಯೆಲ್ಲ ಕುಳಿತಿದ್ದರು. ನಾನು ಕಂಡದ್ದಲ್ಲ, ಆಮೇಲೆ ಬಿಡಿಬಿಡಿಯಾಗಿ ಕೇಳಿದ್ದು. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಒಂದು ಕಾರಣ ಬೇಕಾಗುತ್ತದೆ. ಗಾಲಿಗೆ ನಿಂಬೆಹಣ್ಣು ಇಟ್ಟಿರಲಿಲ್ಲ ಅಂತ ಒಬ್ಬರು, ಹೊರಟ ಗಳಿಗೆ ಸರಿ ಇರಲಿಲ್ಲ ಅಂತ ಇನ್ನೊಬ್ಬರು. ಶಾಂತಕ್ಕ ಅಳುತ್ತ ಕೇಳಿದರಂತೆ: "ಅಲ್ಲ, ಉಡಿ ಯಾರು ತುಂಬಿದ್ರು? ತುಂಬಿದ ಉಡಿ ಹಿಂಗ ಚೆಲ್ಲಿ ಹೋಗೂದಂದ್ರ ಏನರ್ಥ? ತುಂಬಿದ ಕೈ ಎಂಥಾದ್ದಿರಬೇಕು?" ವೈನಿ ಮೂರು ಮಾರು ದೂರದಲ್ಲಿ ಬುತ್ತಿಯ ಚೀಲ ಹಿಡಿದು ನಿಂತಿದ್ದರು. ಚೀಲವನ್ನು ಅಣ್ಣನ ಕೈಗೆ ಕೊಟ್ಟು ಸಂಜೆಯ ಬಸ್ಸಿಗೆ ಊರಿಗೆ ಹೋದರು. ಶಾಂತಕ್ಕ ಕೆಟ್ಟವರಲ್ಲ. ಮುಂದೆ ಹದಿನೆಂಟು ದಿನ ಆಸ್ಪತ್ರೆಯಲ್ಲಿ ನನ್ನ ಹೇಲು-ಉಚ್ಚೆ ಬಳಿದವರು ಅವರೇ. ಅವರ ನಾಲಗೆ ಮಾತ್ರ ಯಾವಾಗಲೂ ಅವರಿಗಿಂತ ಒಂದು ಹೆಜ್ಜೆ ಮುಂದೆ.

ಬೆನ್ನಿಗೆ ಎರಡು ಸಲಾಕೆ, ಆರು ಸ್ಕ್ರೂ ಬಿಗಿದರು. ಪ್ರತಿದಿನ ಮುಂಜಾನೆ ಚಹಾಕ್ಕಿಂತ ಮೊದಲು ನಮ್ಮವರು ಬಂದು ಕಾಲಬಳಿ ಕುಳಿತು ಎಡಗಾಲಿನ ಒಂದೊಂದೇ ಬೆರಳು ಮುಟ್ಟುತ್ತಿದ್ದರು. "ಯಾವುದು?" ಅಂತ ಕೇಳುತ್ತಿದ್ದರು. ನಾನು ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನ ಕಾಲು ಮುಟ್ಟಿದ್ದು ಅದೇ ಮೊದಲು. ಅದೇ ಕಾಲಿಗೆ ತಿಳಿಯುತ್ತಿರಲಿಲ್ಲ ಅನ್ನುವುದು ನನ್ನ ಹಣೆಬರಹ. ಹನ್ನೊಂದನೇ ದಿನ ಯಾವುದೋ ಬಟ್ಟೆಯ ಮೇಲಿನಿಂದ ಯಾರೋ ಒತ್ತಿದಂತಾಯಿತು. "ಹೆಬ್ಬಟ್ಟು!" ಎಂದು ಕಿರುಚಿದೆ. ಇವರು ನನ್ನ ಹೆಬ್ಬೆರಳನ್ನು ಹಿಡಿದುಕೊಂಡು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ಪಕ್ಕದ ಹಾಸಿಗೆಯ ಅಜ್ಜಿ ಏನೋ ಅನಾಹುತ ಆಯಿತೆಂದು ನರ್ಸನ್ನು ಕರೆದಳು.

ಮನೆಗೆ ಬಂದ ಮೇಲಿನ ದಿನಗಳು ಇನ್ನೂ ಕಠಿಣ. ಎದೆಯಿಂದ ಸೊಂಟದವರೆಗೆ ಗಟ್ಟಿ ಬೆಲ್ಟ್ ಕಟ್ಟಿದ್ದರು. ಎರಡು ತಾಸಿನ ದಾರಿಗೆ ಒಂದು ಬೆಲ್ಟ್ ಒಲ್ಲೆ ಅಂದವಳು ನಾಲ್ಕು ತಿಂಗಳು ಇನ್ನೊಂದನ್ನು ಕಟ್ಟಿಕೊಂಡು ಬೆವೆತೆ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಹಮೀದಾ ಭಾಬಿಯದು ವೀಳ್ಯದೆಲೆಯ ವ್ಯಾಪಾರದ ಮನೆತನ. ಅವರು ದಿನಾ ಮಧ್ಯಾಹ್ನ ಎಲೆಯ ಕಟ್ಟು ಬಿಟ್ಟು ಬಂದು ನನ್ನ ತಲೆ ಬಾಚುತ್ತಿದ್ದರು. ಆರಾಮ ಆಗತೈತಿ, ದೇವರಿದ್ದಾನೆ ಅನ್ನುವ ಮಾತು ಒಂದು ದಿನವೂ ಆಡಲಿಲ್ಲ. "ಇವತ್ತ ಸಿಕ್ಕ ಭಾಳ ಐತಿ ಟೀಚರಮ್ಮಾ, ತಡಕೋರಿ" ಎಂದಷ್ಟೇ ಹೇಳಿ ಜಗ್ಗುತ್ತಿದ್ದರು. ಹಾಸಿಗೆ ಹಿಡಿದವರನ್ನು ನೋಡಲು ಹೋಗುವವರು ಒಂದು ಬಾಚಣಿಗೆ ಒಯ್ಯುವುದು ಒಳ್ಳೆಯದು ಎಂದು ನನಗೆ ಆಗ ಅನ್ನಿಸಿತು.

ಗಾಡಿಯನ್ನು ಎಳೆದೊಯ್ದು ಶಿಗ್ಗಾಂವಿಯ ಒಂದು ಗ್ಯಾರೇಜಿನಲ್ಲಿ ಹಾಕಿದ್ದರು. ಒಂದು ದಿನ ನಮ್ಮವರು ಅದನ್ನು ನೋಡಿ ಬಂದು ನನ್ನ ಔಷಧದ ತಟ್ಟೆ ಎದುರಿಗೆ ಎಳೆದುಕೊಂಡರು. ಅಲ್ಲಿನ ವಯಸ್ಸಾದ ಮಿಸ್ತ್ರಿ ಕಡ್ಡಿಪೆಟ್ಟಿಗೆಯಲ್ಲಿ ತೋರಿಸಿದ್ದನ್ನು ಇವರು ನನ್ನ ಗುಳಿಗೆಯ ಡಬ್ಬಿಯಲ್ಲಿ ತೋರಿಸಿದರು. ಡಬ್ಬಿಯನ್ನು ಅಡ್ಡ ಮಲಗಿಸಿ ತಳ್ಳಿದರೆ ಜಾರಿತು. ನೆಟ್ಟಗೆ ನಿಲ್ಲಿಸಿ ತಳ್ಳಿ, ಮುಂದೆ ಒಂದು ಚಮಚ ಅಡ್ಡ ಇಟ್ಟರೆ ಎಡವಿ ಬಿತ್ತು. "ಎತ್ತರ ಗಾಡಿ ಅಡ್ಡ ಜಾರಾಕತ್ತಾಗ ಗಾಲಿ ಮಣ್ಣಾಗ ಹೂತ್ರ ಹಿಂಗ ಅಂತ. ಅಂಥಾದ್ದರ ಮ್ಯಾಲೆ ನಾನು ನಾಕ ಚೀಲ ಹೇರಿಸಿದ್ನಿ. ಒಂದ ಸೀಟಿನ ಪ್ಲಾಸ್ಟಿಕ್ ಉಳಿಸಾಕ" ಅಂದರು. ಬಿದ್ದ ಡಬ್ಬಿಯನ್ನು ಎತ್ತಿ ತಟ್ಟೆಯಲ್ಲಿಟ್ಟರು. "ಪಲ್ಟ್ಯಾಗ ಬೆಲ್ಟ್ ಇಲ್ಲದಾವ್ರು ಕಿಡಕಿಯಿಂದ ಹೊರಗ ಬೀಳ್ತಾರಂತ, ಅವರ ಮ್ಯಾಲೆ ಗಾಡಿ ಬೀಳತೈತಂತ. ನಿಮ್ಮ ಮನ್ಯಾವ್ರು ಒಳಗ ಉಳದದ್ದ ದೊಡ್ಡದು ಅಂದಾ ಮಿಸ್ತ್ರಿ. ನಾನರ ನಿನಗ ಬೆಲ್ಟ್ ಹಾಕ್ಕೊ ಅನ್ನಬೇಕಿತ್ತು ಸುನಂದಾ. ಅವತ್ತ ಯಾರೂ ಅನ್ನಲಿಲ್ಲೇನು?"

"ಯಾರೂ ಅನ್ನಲಿಲ್ಲ" ಅಂದೆ.

ಡಾಕ್ಟರಿಗೆ ಹೇಳಿದ ಸುಳ್ಳು ಭಯದ್ದು. ಇದು ನಾಚಿಕೆಯದು. ವೈನಿ ಆಸ್ಪತ್ರೆಗೆ ಮತ್ತೆ ಬಂದಿರಲಿಲ್ಲ, ಸವಣೂರಿಗೂ ಬರಲಿಲ್ಲ. ವಾರ ವಾರ ಅಣ್ಣನ ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ನನಗೆ ಸೇರುವ ಗುರೆಳ್ಳು ಪುಡಿ ತಪ್ಪದೆ ಬರುತ್ತಿದ್ದವು. ಫೋನು ಮಾಡಿದರೆ "ಆರಾಮಿದ್ದೀಯಿಲ್ಲೋ? ಉಣ್ಣು ಹೊಟ್ಟಿ ತುಂಬ" ಎಂದು ಇಟ್ಟುಬಿಡುತ್ತಿದ್ದರು. ಶಾಂತಕ್ಕ ಆಡಿದ ಮಾತು ಅಷ್ಟರಲ್ಲಿ ನನ್ನ ಕಿವಿಗೂ ಬಿದ್ದಿತ್ತು. ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಎಲ್ಲರೂ ನನ್ನನ್ನು ಅಯ್ಯೋ ಪಾಪ ಅನ್ನುತ್ತಿದ್ದರು, ಹಾಸಿಗೆಯಲ್ಲಿ ಬಿದ್ದವಳಿಗೆ ಆ ಅಯ್ಯೋ ಪಾಪ ಬಹಳ ಬೆಚ್ಚಗಿರುತ್ತದೆ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಅಂತ ಆರು ತಿಂಗಳು ಕಳೆದೆ.

ಅಷ್ಟರಲ್ಲಿ ಅಣ್ಣನ ಮಗಳು ಪೂರ್ಣಿಮಾ ಫೋನು ಮಾಡಿದಳು. ಅವಳನ್ನು ಶಿಗ್ಗಾಂವಿಗೆ ಕೊಟ್ಟಿದೆ, ಆ ಸಂಬಂಧ ಕುದುರಿಸಿದವರು ಶಾಂತಕ್ಕನೇ. ಅವಳಿಗೆ ಏಳು ತಿಂಗಳು, ಮುಂದಿನ ವಾರ ಅತ್ತೆಮನೆಯಲ್ಲಿ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ತವರಿನವರ ಕೈಯಿಂದ ಉಡಿ ತುಂಬಿಸುವ ದಿನ.

"ಅತ್ತಿ, ಅವ್ವ ನನ್ನ ಉಡಿ ತುಂಬೂದಿಲ್ಲಂತ" ಅಂದಳು. "ನನ್ನ ಕೈ ಚಲೋ ಇಲ್ಲ, ಬ್ಯಾರೆ ಯಾರರ ತುಂಬಲಿ ಅಂತಾಳ. ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ ಅಂತ ಅಂಜ್ತಾಳ. ಅತ್ತಿ, ನೀವರ ಹೇಳ್ರಿ."

ಫೋನು ಇಟ್ಟು ನಮ್ಮವರನ್ನು ಕರೆದೆ. "ಶಿಗ್ಗಾಂವಿಗೆ ಹೋಗಬೇಕು" ಅಂದೆ. ಇವರ ಮುಖ ಬಿಳುಪೇರಿತು. ಆಸ್ಪತ್ರೆಯ ಗಾಡಿ ಬಿಟ್ಟರೆ ನಾನು ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಇವರು ಅವತ್ತಿನಿಂದ ಸ್ಟೇರಿಂಗ್ ಮುಟ್ಟಿರಲಿಲ್ಲ.

ಕುಬಸದ ದಿನ ಹಮೀದಾ ಭಾಬಿಯ ಮನೆಯ ಸಣ್ಣ ಕಾರು ಕೇಳಿಕೊಂಡೆವು. ಭಾಬಿ ಎಳೆಯ ಎಲೆಗಳ ಒಂದು ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ಬಸರಿ ಹುಡುಗಿ ಉಡಿಗೆ ನಮ್ಮ ಎಲಿ ಇರಲಿ" ಅಂದರು. ಬೆಲ್ಟ್ ಹಾಕಿಕೊಂಡೆ. ಸವಣೂರು ದಾಟುವುದರೊಳಗೆ ನನ್ನ ಅಂಗೈ ತೊಯ್ದಿತ್ತು. ಎದುರಿಗೆ ಯಾವ ಗಾಡಿ ಬಂದರೂ ಬಾಯಲ್ಲಿ ಅಕ್ಕಿಯ ರುಚಿ ಬಂದಂತಾಗುತ್ತಿತ್ತು. ಇವರು ಎಷ್ಟು ನಿಧಾನ ಹೊಡೆದರೆಂದರೆ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋಗಿ ತಿರುಗಿ ನೋಡಿದ. "ನೋಡಾಕತ್ತಾನ್ರಿ" ಅಂದೆ. "ನೋಡಲಿ" ಅಂದರು ಇವರು. ಏಳು ತಿಂಗಳಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಆಗಲೇ.

ನಡುಮನೆಯಲ್ಲಿ ಪೂರ್ಣಿಮಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಳು. ಸುತ್ತ ಇಪ್ಪತ್ತು ಹೆಣ್ಣುಮಕ್ಕಳು. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಇಳಿದುಹೋಗಿದ್ದರು! ನನ್ನ ಕೈಯಲ್ಲಿ ಕೋಲು ಕಂಡು ಅವರ ಕಣ್ಣು ತುಂಬಿತು, ಆದರೂ ಹತ್ತಿರ ಬರಲಿಲ್ಲ. ಶಾಂತಕ್ಕ ಅಕ್ಕಿಯ ಪರಾತ ಎತ್ತಿಕೊಂಡರು. "ಗಿರಿಜಾ ಒಲ್ಲೆ ಅಂತಾಳ. ಹೋಗಲಿ, ನಾ ತುಂಬ್ತೇನಿ" ಅಂದರು.

"ಶಾಂತಕ್ಕಾರ, ಪರಾತ ಕೆಳಗಿಡ್ರಿ" ಅಂದೆ. ನನ್ನ ದನಿ ತರಗತಿಯಲ್ಲಿ ಏಳುವಂತೆ ಎದ್ದಿತು. "ಅವತ್ತ ಯಾರ ಕೈ ಎಂಥಾದ್ದಿತ್ತು ಅಂತ ಕೇಳಿದ್ರೆಲ್ಲಾ, ಹೇಳ್ತೇನಿ ಕೇಳ್ರಿ. ಉಡಿ ಬಿಚ್ಚಿ ಚೀಲದಾಗ ಇಟ್ಟು ಬೆಲ್ಟ್ ಹಾಕ್ಕೊ ಅಂತ ವೈನಿ ನನಗ ಹೇಳಿದ್ರು. ನಾ ಅವರಿಗೆ ತಿರುಗಿ ಅಂದ್ನಿ. ಅವ್ವ ಇದ್ದಿದ್ರ ಹಿಂಗ ಅಂತಿದ್ದಿಲ್ಲ ಅಂತ ಅಂದ್ನಿ. ಬೆಲ್ಟ್ ಬೆನ್ನ ಹಿಂದ ಸಿಗಿಸಿ ಕುಂತಾಕಿ ನಾನ. ನನ್ನ ಬೆನ್ನ ಮುರದದ್ದು ಆ ಕೈಯಿಂದ ಅಲ್ರಿ. ಅವರ ಮಾತ ಕೇಳಿದ್ರ ನಾ ಮನ್ಯವರ ಹಂಗ ನಾಕ ಹೊಲಿಗಿ ಹಾಕಿಸಿಕೊಂಡು ನಡಕೊಂತ ಮನಿಗೆ ಬರತಿದ್ನಿ."

ನಮ್ಮವರು ಹೊರಗಿನ ಕಟ್ಟೆಯಿಂದ ಎದ್ದು ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಅನ್ನಲಿಲ್ಲ ಎಂದು ಅವರಿಗೆ ಹೇಳಿದ ಸುಳ್ಳೂ ಅಲ್ಲೇ ಬಯಲಾಯಿತು. ನಾನು ಅವರ ಮುಖ ನೋಡಲಿಲ್ಲ.

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಇಷ್ಟ ಮಂದ್ಯಾಗ ಹೇಳೂದಿತ್ತೇನ ಸುನಂದಾ?" ಅಂದರು.

"ಮಂದ್ಯಾಗ ಅಂದದ್ದನ್ನ ಮಂದ್ಯಾಗ ತೊಳೀಬೇಕಲ್ರಿ ವೈನಿ. ನೀವರ ಯಾಕ ಹೇಳಲಿಲ್ರಿ ಇಷ್ಟ ದಿನಾ?"

"ನೀ ಕಾಲ ಎತ್ತಲಾರದ ಮಲಗಿದ್ದಿ. ಆಕೀದ ತಪ್ಪು ಅಂತ ನಾ ಮನಿಮನಿಗೆ ಹೇಳ್ಕೊಂತ ತಿರಗಲೇನು?"

ಕೋಲು ಊರಿಕೊಂಡು ಹೋಗಿ ಅವರ ಹೆಗಲಿಗೆ ತಲೆ ಇಡಲು ಹೋದೆ. ಬಗ್ಗಲು ಬಾರದ ಬೆನ್ನು, ಹಾಗಾಗಿ ಅವರೇ ತುದಿಗಾಲಲ್ಲಿ ನಿಂತು ನನ್ನನ್ನು ಹಿಡಿದುಕೊಂಡರು. ಶಾಂತಕ್ಕ ಪರಾತ ಹಿಡಿದುಕೊಂಡೇ ಹತ್ತಿರ ಬಂದರು. "ತಪ್ಪಾತು ಗಿರಿಜಾ. ಅಳಕೊಂತ ಏನೇನೋ ಅಂದ್ನಿ. ಬಾ, ನಿನ್ನ ಮಗಳು, ನೀನ ತುಂಬು" ಅಂದರು. ವೈನಿ ಕೈ ತೊಳೆದುಕೊಂಡು ಬಂದರು. ಮೊದಲ ಬೊಗಸೆ ಹಾಕುವಾಗ ನಾಲ್ಕು ಕಾಳು ಕೆಳಗೆ ಬಿದ್ದವು. ಪೂರ್ಣಿಮಾ ಅವನ್ನು ಆಯ್ದು ತನ್ನ ಉಡಿಗೆ ತಾನೇ ಹಾಕಿಕೊಂಡಳು.

ಊಟ ಮುಗಿಸಿ ಹೊರಟೆವು. ಕಾರಿನ ಬಾಗಿಲ ಬಳಿ ನಮ್ಮವರು ಮೆಲ್ಲಗೆ ಕೇಳಿದರು: "ನನಗರ ಹೇಳಬಹುದಿತ್ತಲ್ಲ?" "ನಾಚಿಕಿ ಬಂದಿತ್ರಿ" ಅಂದೆ. ಅವರು ನನ್ನ ಕೋಲು ಇಸಿದುಕೊಂಡು ಹಿಂದಿನ ಸೀಟಿನಲ್ಲಿಟ್ಟರು. ಅಷ್ಟರಲ್ಲಿ ವೈನಿ ಒಳಗಿನಿಂದ ಪರಾತ ಹಿಡಿದು ಓಡಿ ಬಂದರು. ನಾನು ನಿಂತಲ್ಲೇ ಸೆರಗು ಚಾಚಿದೆ.

"ಹಂಗಲ್ಲ. ಒಳಗ ಕುಂದ್ರು" ಅಂದರು. ಕುಳಿತೆ. "ಬೆಲ್ಟ್ ಹಾಕ್ಕೊ." ಹಾಕಿಕೊಂಡೆ. ವೈನಿ ಪರಾತವನ್ನು ಕಾರಿನ ಮೇಲಿಟ್ಟು, ದನದ ಕಣ್ಣಿ ನೋಡುವವರಂತೆ ಬೆಲ್ಟನ್ನು ಎರಡು ಸಲ ಜಗ್ಗಿ ನೋಡಿದರು. ಆಮೇಲೆ ನನ್ನ ಸೆರಗನ್ನು ಬೆಲ್ಟಿನ ಮೇಲೆ ಹಾಸಿ, ಬಾಗಿಲಲ್ಲೇ ಬಗ್ಗಿ ನಿಂತು ಐದು ಬೊಗಸೆ ಅಕ್ಕಿ ತುಂಬಿದರು. ಬೆಲ್ಲ, ಅಡಿಕೆ, ಭಾಬಿ ಕೊಟ್ಟ ಕಟ್ಟಿನಿಂದ ಐದು ಎಲೆ ಹಾಕಿದರು. ತೆಂಗಿನಕಾಯಿಯನ್ನು ಮಾತ್ರ ಹಣೆಗೆ ಮುಟ್ಟಿಸಿ ನನ್ನ ಕಾಲಬಳಿ ಇಟ್ಟರು. "ಇದು ಹೊಟ್ಟಿಗೆ ಒತ್ತೂದು ಬ್ಯಾಡ" ಅಂದರು.

"ಅವ್ವ ಇದ್ದಿದ್ರೂ ಹಿಂಗ ತುಂಬತಿದ್ಲು ವೈನಿ" ಅಂದೆ. ಅವರು ನನ್ನ ಕೆನ್ನೆಗೆ ಅರಿಸಿನದ ಕೈ ಒರೆಸಿ ಬಾಗಿಲು ಹಾಕಿದರು.

ಬಂಕಾಪುರದ ಹತ್ತಿರ ಎದುರಿಗೆ ಒಂದು ಟ್ರ್ಯಾಕ್ಟರ್ ಬಂತು. ನಮ್ಮವರು ವೇಗ ಇಳಿಸಿ, ಡಾಂಬರು ಬಿಡದೆ ಬದಿಗೆ ನಿಲ್ಲಿಸಿಯೇಬಿಟ್ಟರು. ಅದು ದಡದಡ ಮಾಡುತ್ತ ಹಾದುಹೋಯಿತು. ಕಾರು ಸಣ್ಣಗೆ ಅಲುಗಿ ನನ್ನ ಉಡಿಯಿಂದ ಎರಡು ಕಾಳು ಅಕ್ಕಿ ಜಾರಿ ಚಪ್ಪಲಿ ಬಿಟ್ಟಿದ್ದ ಎಡಗಾಲಿನ ಹೆಬ್ಬಟ್ಟಿನ ಮೇಲೆ ಬಿದ್ದವು. ನಾನು ಬಗ್ಗಿ ನೋಡುವಂತಿರಲಿಲ್ಲ. ನೋಡದೆಯೇ ಗೊತ್ತಾಯಿತು.